ಮೂರು ತಿಂಗಳಾದ ಬ್ಯಾಟರಿ ಸತ್ತೇ ಹೋಗಿರುವುದಿಲ್ಲ

'ತಯಾರಾಗಿ ಮೂರು ತಿಂಗಳು ದಾಟಿದ ಬ್ಯಾಟರಿ ಸತ್ತಂತೆ, ತಗೋಬೇಡಿ' ಎಂಬ ಮೆಸೇಜು ಕಾರು, ಬೈಕಿನ ಬ್ಯಾಟರಿಗಳ ಬಗ್ಗೆ ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಿದೆ. ಇದು ಅರ್ಧ ನಿಜ.

ಇಂಥ ಸೀಸದ ಬ್ಯಾಟರಿ ಸುಮ್ನೆ ಇಟ್ಟರೂ ನಿಧಾನವಾಗಿ ಚಾರ್ಜ್ ಕಳೆದುಕೊಳ್ಳುತ್ತದೆ. ಬಿಸಿ ಜಾಸ್ತಿಯಾದಷ್ಟೂ ಬೇಗ. ನಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಗೋಡೌನ್ ಒಳಗೆ ಹೇಗಿರುತ್ತದೆ, ಹೇಳಬೇಕಾ? ಆದರೂ ಆಗಾಗ ಚಾರ್ಜ್ ಮಾಡಿಟ್ಟ ಐದು ತಿಂಗಳ ಬ್ಯಾಟರಿ, ಮೂಲೆಯಲ್ಲಿ ಬಿದ್ದಿದ್ದ ಮೂರು ತಿಂಗಳದ್ದಕ್ಕಿಂತ ವಾಸಿ ಇರಬಹುದು.

ಹಾಗಾಗಿ ತಾರೀಖಿನ ಜೊತೆ ವೋಲ್ಟ್ ಅಳೆಯುವ ಮೀಟರನ್ನೂ (ಮಲ್ಟಿಮೀಟರ್) ನೋಡಿ. ಕಳೆದ ಬೇಸಿಗೆಯಲ್ಲಿ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯವನು 'ಹೊಸಾದೇ ಅದ ರೀ' ಅಂದ. ಮಲ್ಟಿಮೀಟರ್ ಹಿಡಿದರೆ 12.2 ವೋಲ್ಟ್. ಹೆಚ್ಚುಕಡಿಮೆ ಅರ್ಧ ಚಾರ್ಜ್ ಅಷ್ಟೇ! ಪಕ್ಕದ್ದು 12.6 ತೋರಿಸಿತು, ಅದನ್ನೇ ತಂದೆ. 12.4ಕ್ಕಿಂತ ಕೆಳಗಿದ್ದರೆ ಬೇರೆ ಕೇಳಿ. ಚಾರ್ಜ್ ಇಳಿದು ತಿಂಗಳುಗಟ್ಟಲೆ ಬಿದ್ದಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ.

ಬೈಕಿನ ಕೆಲವು ಬ್ಯಾಟರಿಗಳಿಗೆ ಅಂಗಡಿಯಲ್ಲೇ ಆಸಿಡ್ ತುಂಬುತ್ತಾರೆ. ಅವಕ್ಕೆ ಆಸಿಡ್ ಬಿದ್ದ ದಿನವೇ ಮುಖ್ಯ. ವಾರಂಟಿ ಸಾಮಾನ್ಯವಾಗಿ ಕೊಂಡ ದಿನದಿಂದ ಶುರು. ಕಾರ್ಡಿಗೆ ತಾರೀಖು, ಸೀಲು ಹಾಕಿಸದೆ ಅಂಗಡಿ ಬಿಡಬೇಡಿ.