ಹೊಳವಾಗುವವರೆಗೆ ಕಾಯುವ ಆಟ

ಕಳೆದ ಮಳೆಗಾಲದಲ್ಲಿ, ಮಳೆಯ ಕಾರಣಕ್ಕೆ ಶಾಲೆಗೆ ರಜೆ ಘೋಷಿಸಿದ್ದ ಒಂದು ದಿನ, ನನ್ನ ತಮ್ಮನ ಮಗ ಜಗಲಿಯ ಮೂಲೆಯಲ್ಲಿ ಕೂತು, ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ನಿಂಟೆಂಡೊ ಸ್ವಿಚ್‌ನಲ್ಲಿ ಜೆಲ್ಡಾ ಸರಣಿಯ ವಿಡಿಯೋ ಗೇಮ್ ‘ಬ್ರೆತ್ ಆಫ್ ದ ವೈಲ್ಡ್’ ಆಡುತ್ತಿದ್ದ. ಅರ್ಧ ಗಂಟೆಯಿಂದ ಒಂದೇ ಬಂಡೆಯನ್ನು ಹತ್ತಲು ಹೆಣಗಿ, ಕೊನೆಗೆ ಸಿಟ್ಟಿನಿಂದ ಸ್ವಿಚ್ಚನ್ನು ಚಾಪೆಯ ಮೇಲಿಟ್ಟು, “ದೊಡ್ಡಪ್ಪ, ಇದ್ರಲ್ಲೂ ಮಳೆ! ಹತ್ತಲೇ ಆಗ್ತಿಲ್ಲೆ” ಎಂದ. ಅದೇ ಹೊತ್ತಿಗೆ ನಮ್ಮ ತೋಟಕ್ಕೆ ಮದ್ದು ಹೊಡೆಯಲು ಬಂದಿದ್ದ ಇಬ್ಬರು ಕೊಟ್ಟಿಗೆಯ ಮಾಡಿನ ಕೆಳಗೆ ಕವಳ ಹಾಕುತ್ತ, ಮಳೆ ನಿಂತು ಹೊಳವಾಗುವುದನ್ನು ಕಾಯುತ್ತ ಕೂತಿದ್ದರು. ಒದ್ದೆ ಅಡಿಕೆ ಮರಕ್ಕೆ ತಳೆ (ಹತ್ತುವ ಕುಣಿಕೆ) ಹಾಕಿ ಹತ್ತುವುದು ಎಷ್ಟು ಅಪಾಯವೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಹುಡುಗನಿಗೆ, “ಅವರನ್ನು ನೋಡು. ನೀನೂ ಹೊಳವಾಗುವವರೆಗೆ ತಡಿಯೋ” ಎಂದೆ. ಅವನಿಗೆ ಆ ಉತ್ತರ ರುಚಿಸಲಿಲ್ಲ. ಆದರೆ ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ಒಂದು ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ. ಬರಹ ಸ್ವಲ್ಪ ಉದ್ದವಾಗಿದೆ, ಪುರುಸೊತ್ತಿದ್ದವರು ಓದಬಹುದು.

2017ರ ಮಾರ್ಚ್‌ನಲ್ಲಿ ಬಂದ ಈ ಆಟದಲ್ಲಿ ಇಂದಿಗೂ ಬೈಗುಳ ತಿನ್ನುವ ಸಂಗತಿಗಳು ಎರಡು. ಒಂದು ಮಳೆ, ಇನ್ನೊಂದು ಮುರಿಯುವ ಆಯುಧ. ಮೊದಲನೆಯದರ ಪರವಾಗಿ ನಾನು ವಾದಿಸುತ್ತೇನೆ. ಈ ಆಟದಲ್ಲಿ ಗುಡ್ಡ, ಗೋಡೆ, ಮರ ಹೀಗೆ ಕಣ್ಣಿಗೆ ಕಂಡದ್ದನ್ನೆಲ್ಲ ಬಹುಮಟ್ಟಿಗೆ ಹತ್ತಬಹುದು. ಹತ್ತಿದಷ್ಟೂ ಹೊತ್ತು ಕಸುವನ್ನು ತೋರಿಸುವ ಹಸಿರು ಬಳೆಯೊಂದು ಕರಗುತ್ತಾ ಹೋಗುತ್ತದೆ, ಅದು ಪೂರ್ತಿ ಕರಗಿದರೆ ಕೈಬಿಟ್ಟು ಬೀಳುತ್ತೀರಿ. ಮಳೆ ಬಂತೆಂದರೆ ನಾಲ್ಕೈದು ಸಲ ಕೈ ಬದಲಿಸುವಷ್ಟರಲ್ಲಿ ಒಮ್ಮೆ ಸರ್ರನೆ ಕೆಳಕ್ಕೆ ಜಾರುತ್ತೀರಿ. ಏರಿದ್ದರಲ್ಲಿ ದೊಡ್ಡ ಪಾಲು ಹೋಗುತ್ತದೆ, ಕಸುವು ಮಾತ್ರ ಮರಳುವುದಿಲ್ಲ. ಇದನ್ನು ಆಟಗಾರನ ಮೇಲಿನ ದ್ವೇಷವೆಂದು ತಿಳಿದವರು ಪರದೆಯ ಬಲಮೂಲೆಯಲ್ಲಿ ಮುಂದಿನ ಕೆಲವು ತಾಸುಗಳ ಹವಾಮಾನವನ್ನು ಸಣ್ಣ ಚಿತ್ರಗಳಲ್ಲಿ ತೋರಿಸಿರುವುದನ್ನು ಗಮನಿಸಿರುವುದಿಲ್ಲ. ಆಟದ ಒಂದು ತಾಸೆಂದರೆ ನಮ್ಮ ಒಂದು ನಿಮಿಷ, ಅಲ್ಲಿನ ಇಡೀ ದಿನ 24 ನಿಮಿಷದಲ್ಲಿ ಮುಗಿಯುತ್ತದೆ. ಅಂದರೆ ಕಾಯಬೇಕಾದದ್ದು ಬಹಳ ಹೊತ್ತೇನೂ ಅಲ್ಲ. ಚಾಚಿದ ಬಂಡೆಯೊಂದರ ಕೆಳಗೆ ಒಣಗಿದ ಜಾಗ ನೋಡಿ ಸೌದೆ ಇಟ್ಟು, ಬೆಣಚುಕಲ್ಲಿನಿಂದ ಬೆಂಕಿ ಹೊತ್ತಿಸಿ ಕೂತರೆ ಬೆಳಗಾಗುವವರೆಗೆ ಹೊತ್ತು ಕಳೆಯಬಹುದು. ಹತ್ತುವ ಹಟ ಬಿಟ್ಟು ಸುತ್ತುದಾರಿ ಹಿಡಿಯಲೂಬಹುದು. ಮಳೆಯ ಸದ್ದಿನಲ್ಲಿ ನಮ್ಮ ಹೆಜ್ಜೆಯ ಸಪ್ಪಳ ವೈರಿಗಳಿಗೆ ಕೇಳದಿರುವುದರಿಂದ, ಆಗಲೇ ಅವರ ಬಿಡಾರದೊಳಗೆ ನುಸುಳಲೂಬಹುದು. ಗುಡುಗು ಸಿಡಿಲಿದ್ದರೆ ಬೆನ್ನಿಗಿರುವ ಲೋಹದ ಕತ್ತಿ, ಗುರಾಣಿಗಳನ್ನು ತೆಗೆದಿಡಬೇಕು, ಇಲ್ಲದಿದ್ದರೆ ಸಿಡಿಲು ನೇರ ನಮ್ಮ ಮೇಲೆಯೇ ಎರಗುತ್ತದೆ. ಹೀಗೆ ಒಂದು ಮಳೆ ಐದಾರು ಬಗೆಯ ಯೋಚನೆಗೆ ಹಚ್ಚುತ್ತದೆ. ಬೇರೆ ಎಷ್ಟೋ ಆಟಗಳಲ್ಲಿ ಮಳೆಯೆಂದರೆ ನೆಲದ ಮೇಲೊಂದು ಹೊಳಪು ಮತ್ತು ಹಿನ್ನೆಲೆಯಲ್ಲೊಂದು ಸದ್ದು, ಅಷ್ಟೇ.

ಜೆಲ್ಡಾ ಸರಣಿಯನ್ನು 1986ರಲ್ಲಿ ಹುಟ್ಟುಹಾಕಿದವರಲ್ಲಿ ಪ್ರಮುಖರಾದ ಶಿಗೆರು ಮಿಯಾಮೊಟೊ, ಕ್ಯೋಟೋ ಹತ್ತಿರದ ಸೊನೊಬೆ ಎಂಬ ಊರಿನಲ್ಲಿ ಬಾಲ್ಯ ಕಳೆದವರು. ಅಲ್ಲಿನ ಗುಡ್ಡಗಾಡುಗಳಲ್ಲಿ ಅಲೆದದ್ದು, ಗುಹೆಯೊಂದನ್ನು ಕಂಡು ದೀಪ ಹಿಡಿದು ಒಳಹೊಕ್ಕದ್ದು ತಮ್ಮ ಆಟಗಳ ಬೇರೆಂದು ಅವರು ಹೇಳಿಕೊಂಡಿದ್ದಾರೆ. ನನಗೆ ಅದನ್ನು ನಂಬಲು ಕಷ್ಟವಾಗುವುದಿಲ್ಲ. ‘ಬ್ರೆತ್ ಆಫ್ ದ ವೈಲ್ಡ್’ನ ಮೊದಲ ಪ್ರಸ್ಥಭೂಮಿಯಲ್ಲಿ ಒಂದು ಕಡೆ ಕಂದರ ದಾಟಬೇಕು. ಅಲ್ಲಿಯೇ ಅಂಚಿಗೊಂದು ಮರವಿದೆ, ಕೈಯಲ್ಲಿ ಕೊಡಲಿಯಿದೆ. ಮರವನ್ನು ಸರಿಯಾದ ಬದಿಯಿಂದ ಕಡಿದರೆ ಅದು ಅಡ್ಡ ಬಿದ್ದು ಸಂಕವಾಗುತ್ತದೆ, ತಪ್ಪು ಬದಿಯಿಂದ ಕಡಿದರೆ ಉರುಳಿ ಕೆಳಗೆ ಹೋಗುತ್ತದೆ. ಹೊಳೆಯ ಮೇಲೆ ಅಡಿಕೆ ದಬ್ಬೆಯ ಕಾಲುಸಂಕ ದಾಟಿ ಶಾಲೆಗೆ ಹೋದ ನಮ್ಮ ಸೀಮೆಯವರಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ಹುಡುಗ ಯಾವ ಸೂಚನೆಯನ್ನೂ ಓದದೆ ಮರ ಕಡಿದು ದಾಟಿಬಿಟ್ಟಿದ್ದ.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ ಆಟ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’. ಅದೂ 2017ರದ್ದೇ, ನಾಟಿ ಡಾಗ್ ಸಂಸ್ಥೆಯದ್ದು, ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಆದ ಪ್ಲೇಸ್ಟೇಷನ್ 4ಕ್ಕೆ ಬಂದದ್ದು. ಕ್ಲೋಯಿ ಫ್ರೇಜರ್ ಎಂಬ ನಾಯಕಿ ಗಣೇಶನ ದಂತವನ್ನು ಹುಡುಕುತ್ತ ನಮ್ಮ ಪಶ್ಚಿಮ ಘಟ್ಟಕ್ಕೇ ಬರುತ್ತಾಳೆ. ಹೊಯ್ಸಳರು, ಹಳೇಬೀಡು, ಬೇಲೂರು ಎಂಬ ಹೆಸರುಗಳು ಒಂದು ದೊಡ್ಡ ಕನ್ಸೋಲ್ ಆಟದಲ್ಲಿ ಕಿವಿಗೆ ಬಿದ್ದಾಗ ನನಗಾದ ಸಂಭ್ರಮವನ್ನು ಮುಚ್ಚಿಡುವುದಿಲ್ಲ, ಪಕ್ಕದ ಕೋಣೆಯಲ್ಲಿದ್ದ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ನಾಲ್ಕನೆಯ ಅಧ್ಯಾಯದ ಹೆಸರೇ ‘ಪಶ್ಚಿಮ ಘಟ್ಟ’. ಅಲ್ಲಿ ಜೀಪು ಕೊಟ್ಟು ಬಯಲಿಗೆ ಬಿಡುತ್ತಾರೆ, ಯಾವ ಕೋಟೆಗೆ ಮೊದಲು ಹೋಗಬೇಕೆಂಬುದು ನಮಗೆ ಬಿಟ್ಟದ್ದು. ಕ್ಲೋಯಿ ಕೈಯಲ್ಲಿರುವ ಕಾಗದದ ನಕ್ಷೆಯಲ್ಲಿ ತಾನೇ ಗುರುತು ಹಾಕಿಕೊಳ್ಳುತ್ತಾಳೆ. ಪರದೆಯ ಮೂಲೆಯಲ್ಲಿ ಬಾಣ ತೋರಿಸುವ ಪುಟ್ಟ ನಕ್ಷೆಯಿಲ್ಲದಿರುವುದು ನನಗೆ ಬಹಳ ಹಿಡಿಸಿತು.

ಆದರೆ ಹತ್ತುವ ವಿಷಯಕ್ಕೆ ಬಂದರೆ ಆಟ ನಮ್ಮ ಕೈಯಿಂದ ಕೆಲಸ ಕಸಿದುಕೊಳ್ಳುತ್ತದೆ. ಎಲ್ಲಿ ಕೈಯಿಡಬೇಕೆಂದು ವಿನ್ಯಾಸಕರು ಮೊದಲೇ ನಿರ್ಧರಿಸಿದ್ದಾರೆ. ಆ ಅಂಚುಗಳು ಉಳಿದ ಕಲ್ಲಿಗಿಂತ ಕೊಂಚ ಬೆಳ್ಳಗಿರುತ್ತವೆ, ಕೈಯಲ್ಲಿರುವ ಕಂಟ್ರೋಲರಿನ ಕಡ್ಡಿಯನ್ನು ಆ ದಿಕ್ಕಿಗೆ ತಳ್ಳಿ ಗುಂಡಿ ಒತ್ತಿದರೆ ಮೈ ತಾನಾಗಿ ಅಲ್ಲಿಗೆ ಹಾರಿ ಕಚ್ಚಿಕೊಳ್ಳುತ್ತದೆ. ದಣಿವಿಲ್ಲ, ಜಾರಿಕೆಯಿಲ್ಲ. ಜಲಪಾತದ ಪಕ್ಕದ ಪಾಚಿಗಟ್ಟಿದ ಬಂಡೆಯೂ ಒಣಗಿದ ಅರಮನೆಯ ಗೋಡೆಯೂ ಕೈಗೆ ಒಂದೇ. ಉಂಚಳ್ಳಿ ಜಲಪಾತದ ಕೆಳಗೆ ಒಮ್ಮೆ ಇಳಿದು ಅಂಡು ಕೆತ್ತಿಸಿಕೊಂಡು ಬಂದವರು ಇದನ್ನು ಘಟ್ಟವೆಂದು ಒಪ್ಪುವುದು ಕಷ್ಟ. ವಿಚಿತ್ರವೆಂದರೆ ಇದೇ ಸಂಸ್ಥೆ ಅದಕ್ಕೂ ಒಂದು ವರ್ಷ ಮೊದಲು, ‘ಅನ್‌ಚಾರ್ಟೆಡ್ 4’ರ ಮಡಗಾಸ್ಕರ್ ಭಾಗದಲ್ಲಿ, ಕೆಸರಿನ ಏರಿನಲ್ಲಿ ಜೀಪು ಜಾರುವಂತೆ ಮಾಡಿತ್ತು. ಎಲ್ಲಿ ಗಟ್ಟಿ ಕಲ್ಲಿದೆಯೆಂದು ನೋಡಿ ಚಕ್ರ ಹತ್ತಿಸಬೇಕಾಗುತ್ತಿತ್ತು. ಜೀಪಿಗೆ ಕೊಟ್ಟ ಗೌರವವನ್ನು ಮನುಷ್ಯರ ಕೈಗೆ ಯಾಕೆ ಕೊಡಲಿಲ್ಲವೋ!

ಇನ್ನೊಂದು ಮಾತು. ನಿಜವಾದ ಹಳೇಬೀಡು ದಟ್ಟ ಕಾಡಿನಲ್ಲಿಲ್ಲ, ಹಾಸನ ಜಿಲ್ಲೆಯ ತೆರೆದ ಬಯಲಿನಲ್ಲಿ ಕೆರೆಯ ಪಕ್ಕದಲ್ಲಿದೆ. ಆಟಕ್ಕೆ ಕಾಡು ಬೇಕಿತ್ತು, ಹಾಗಾಗಿ ಊರನ್ನು ಎತ್ತಿಟ್ಟಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಅಳತೆಯ ಬಗ್ಗೆ. ಹೊಯ್ಸಳರ ಕೆಲಸ ಮೆದುವಾದ ಬಳಪದ ಕಲ್ಲಿನದ್ದು. ಗೋಡೆಯ ಬುಡದಲ್ಲಿ ಸಾಲುಗಟ್ಟಿದ ಆನೆಗಳನ್ನು ನೋಡಲು ಕುಕ್ಕರುಗಾಲಿನಲ್ಲಿ ಕೂರಬೇಕು, ಒಂದು ಆನೆಯ ನಡಿಗೆ ಮುಂದಿನದ್ದರಂತಿಲ್ಲವೆಂದು ತಿಳಿಯಲು ಮೂಗು ತಾಗುವಷ್ಟು ಹತ್ತಿರ ಹೋಗಬೇಕು. ಆಟದಲ್ಲಿರುವುದು ಗುಡ್ಡದಷ್ಟು ಎತ್ತರದ ವಿಗ್ರಹಗಳು. ಕಾರಣ ಊಹಿಸಬಲ್ಲೆ. ಕ್ಯಾಮೆರಾ ನಾಯಕಿಯ ಬೆನ್ನ ಹಿಂದೆ ಮಾರು ದೂರದಲ್ಲಿದೆ ಮತ್ತು ಹತ್ತಲು, ನೇತಾಡಲು ದೊಡ್ಡ ಅಂಚುಗಳು ಬೇಕು, ಬೆರಳುದ್ದದ ಆನೆಯ ಮೇಲೆ ಯಾರೂ ಕಾಲಿಡಲಾರರು. ಹೀಗೆ ಆಡುವ ಬಗೆಯೇ ಶಿಲ್ಪದ ಅಳತೆಯನ್ನು ನಿರ್ಧರಿಸಿಬಿಟ್ಟಿದೆ. ಹೊಯ್ಸಳ ಕಲೆ ಅಲ್ಲಿ ಬಟ್ಟೆಯಾಗಿದೆ, ಮೈಯಾಗಿಲ್ಲ.

ಬೆಳ್ಳಗಿನ ಅಂಚಿನ ಮಾತು ಬಂದದ್ದರಿಂದ ಹಳದಿ ಬಣ್ಣದ ಜಗಳವನ್ನೂ ನೆನೆಯಬೇಕು. 2023ರ ‘ರೆಸಿಡೆಂಟ್ ಈವಿಲ್ 4’ರಲ್ಲಿ ಒಡೆಯಬಹುದಾದ ಪೆಟ್ಟಿಗೆಗಳಿಗೆಲ್ಲ ಹಳದಿ ಬಳಿದಿದ್ದರು, 2024ರ ಆರಂಭದಲ್ಲಿ ‘ಫೈನಲ್ ಫ್ಯಾಂಟಸಿ 7 ರೀಬರ್ತ್’ನ ಮಾದರಿ ಆಟದಲ್ಲಿ ಹತ್ತುವ ಬಂಡೆಗೂ ಬಳಿದರು. ಆಡುವವರನ್ನು ಕುರುಡರೆಂದು ತಿಳಿದಿದ್ದಾರೆಯೇ ಎಂದು ಒಂದು ಪಕ್ಷ ಕೂಗಿದರೆ, ಬಣ್ಣವಿಲ್ಲದೆ ದಾರಿ ಕಾಣುವುದಿಲ್ಲವೆಂದು ಇನ್ನೊಂದು ಪಕ್ಷ ಹೇಳಿತು. ಇಬ್ಬರ ಮಾತಿನಲ್ಲೂ ಹುರುಳಿದೆ. 1996ರ ಮೊದಲ ‘ಟೂಂಬ್ ರೈಡರ್’ನಲ್ಲಿ ಇಡೀ ಲೋಕವೇ ಒಂದೇ ಅಳತೆಯ ಚೌಕಗಳಿಂದ ಕಟ್ಟಿದ್ದು. ಅಂಚಿಗೆ ಬಂದು ನಿಂತು, ಹಿಂದಕ್ಕೊಂದು ಕುಪ್ಪಳಿಸಿ, ಓಡಿ ಹಾರಿದರೆ ಎಷ್ಟು ದೂರ ಹೋಗಿ ಬೀಳುತ್ತೇವೆಂದು ಚೆನ್ನೆಮಣೆಯ ಗುಳಿ ಎಣಿಸಿದಂತೆ ಎಣಿಸಬಹುದಿತ್ತು. ಚಿತ್ರ ಒರಟಾಗಿತ್ತು, ಆದರೆ ಯಾವುದು ನೆಲ, ಯಾವುದು ಅಲಂಕಾರ ಎಂಬ ಗೊಂದಲವಿರಲಿಲ್ಲ. ಈಗ ಪ್ರತಿ ಬಂಡೆಗೂ ಬಿರುಕು, ಪಾಚಿ, ಬೇರುಗಳಿವೆ. ಅವುಗಳಲ್ಲಿ ನೂರಕ್ಕೆ ತೊಂಬತ್ತು ಬರಿಯ ಚಿತ್ರ. ನಿಜವಾಗಿ ಹಿಡಿಯಬಹುದಾದ ಹತ್ತನ್ನು ಬೇರ್ಪಡಿಸಲು ಬಣ್ಣ ಬಳಿಯದೆ ಗತಿಯಿಲ್ಲ. ಆದ್ದರಿಂದ ನಾನು ಬಣ್ಣವನ್ನು ಬೈಯುವುದಿಲ್ಲ, ಬಣ್ಣ ಬೇಕಾಗುವಂತೆ ಬಂಡೆ ಕಟ್ಟಿದವರನ್ನು ಬೈಯುತ್ತೇನೆ. ಕಂಡದ್ದನ್ನೆಲ್ಲ ಹತ್ತಬಹುದಾದ ಕಡೆ ಹಳದಿ ಬೇಕಾಗುವುದಿಲ್ಲ.

2020ರ ‘ಘೋಸ್ಟ್ ಆಫ್ ತ್ಸುಶಿಮಾ’ ಇದಕ್ಕೆ ಜಾಣ ಉಪಾಯ ಹುಡುಕಿತು. ಕೈಯಲ್ಲಿರುವ ಕಂಟ್ರೋಲರ್‌ನ ನಡುವಿನ ಪಟ್ಟಿಯ ಮೇಲೆ ಬೆರಳು ಸವರಿದರೆ ಗಾಳಿ ಏಳುತ್ತದೆ, ಹುಲ್ಲು ಬಾಗಿದ ದಿಕ್ಕೇ ನಾವು ಹೋಗಬೇಕಾದ ದಿಕ್ಕು. ತತ್ವದಲ್ಲಿ ಅದೂ ಬಾಣವೇ ಆದರೂ ಕಣ್ಣು ಪರದೆಯ ಮೂಲೆಗೆ ಓಡದೆ ಬಯಲಿನ ಮೇಲೆಯೇ ನಿಲ್ಲುತ್ತದೆ. ದಾರಿ ತೋರಲು ಬರುವ ನರಿಗಳ ಬೆನ್ನು ಹತ್ತಿ ಗುಡಿ ಸೇರುವುದು ಮಾತ್ರ ಹತ್ತನೆಯ ಸಲಕ್ಕೆ ಬೇಸರ ತರಿಸುತ್ತದೆ.

ಇದರ ವಿರುದ್ಧ ತುದಿಯಲ್ಲಿರುವುದು 2022ರ ‘ಗಾಡ್ ಆಫ್ ವಾರ್ ರಾಗ್ನರಾಕ್’. ಕೊಡಲಿಯನ್ನು ಎಸೆದು ವಾಪಸು ಕರೆದಾಗ ಅದು ಬಂದು ಅಂಗೈಗೆ ತಾಗುವ ಆ ಸಣ್ಣ ನಡುಕ, ಅದರ ಸದ್ದು, 2018ರಲ್ಲಿ ಬಂದ ಇದರ ಹಿಂದಿನ ಆಟದಿಂದಲೂ ನನ್ನನ್ನು ಮರುಳು ಮಾಡಿದೆ. ಆದರೆ ಒಗಟಿನ ಮುಂದೆ ನಿಂತು ಸುತ್ತ ಕಣ್ಣಾಡಿಸುವಷ್ಟರಲ್ಲಿ ಜೊತೆಗಿರುವವರು ‘ಅಲ್ಲಿ ನೋಡು, ಅದಕ್ಕೆ ಹೊಡೆ’ ಎಂದು ಉತ್ತರವನ್ನೇ ಉಸುರಿಬಿಡುತ್ತಾರೆ. ಜಗಲಿಯಲ್ಲಿ ಇಸ್ಪೀಟು ಆಡುವಾಗ ಬೆನ್ನ ಹಿಂದೆ ಕೂತು ಎಲೆ ಹೇಳುವ ನೆಂಟರನ್ನು ಸಹಿಸಿದವರಿಗೆ ಈ ಸಂಕಟ ಗೊತ್ತು. ಸಹಾಯ ಬೇಕಾದವರಿಗೆ ಅದು ಇರಲೇಬೇಕು. 2020ರ ‘ದ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗದಲ್ಲಿ ಕಣ್ಣು, ಕಿವಿ, ಕೈಗಳ ತೊಂದರೆಯಿರುವವರಿಗಾಗಿ 60ಕ್ಕೂ ಹೆಚ್ಚು ಆಯ್ಕೆಗಳನ್ನಿಟ್ಟಿದ್ದರು, ಬೇಕಾದವರು ಬೇಕಾದ್ದನ್ನು ತೆರೆದುಕೊಳ್ಳಬಹುದಿತ್ತು. ಕೇಳದೆ ಬಾಯಿ ಹಾಕುವುದು ಬೇರೆ.

ಹತ್ತುವುದನ್ನು ಕೈಗೆ ಮುಟ್ಟಿಸಿದ ಆಟ ನನ್ನ ಮಟ್ಟಿಗೆ 2005ರ ‘ಶಾಡೋ ಆಫ್ ದ ಕಲೋಸಸ್’. ಫುಮಿಟೊ ಉವೆಡಾ ಅವರ ವಿನ್ಯಾಸ. ಅಷ್ಟು ದೊಡ್ಡ ನಾಡಿನಲ್ಲಿ ಹೊಡೆದಾಡಲು 16 ದೈತ್ಯರಷ್ಟೇ ಇದ್ದಾರೆ, ನಡುವೆ ಬೇರೆ ಪುಡಿ ವೈರಿಗಳಿಲ್ಲ. ದೈತ್ಯನ ಮೈಮೇಲಿನ ರೋಮ ಹಿಡಿದು ಏರುವಾಗ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ನಾಯಕನೂ ಬಿಡುತ್ತಾನೆ. ದೈತ್ಯ ಮೈ ಕೊಡವಿದಾಗ ಮೇಲೇರಲಾಗುವುದಿಲ್ಲ, ಬರಿದೇ ಅವಚಿಕೊಂಡು ಕಾಯಬೇಕು, ಕಾಯುತ್ತಿರುವಂತೆಯೇ ಕಸುವು ಇಳಿಯುತ್ತಿರುತ್ತದೆ. ಮೂರನೆಯ ದೈತ್ಯನನ್ನು ಮುಗಿಸಿದಾಗ ನನ್ನ ತೋರುಬೆರಳು ನಿಜವಾಗಿಯೂ ಸೆಡೆತುಹೋಗಿತ್ತು. 2018ರಲ್ಲಿ ಬಂದ ಹೊಸ ರೂಪದಲ್ಲಿ ಕಲ್ಲು, ಹುಲ್ಲುಗಳೆಲ್ಲ ಹೊಸದಾದರೂ ಈ ಹಿಡಿತದ ಲೆಕ್ಕಾಚಾರವನ್ನು ಮುಟ್ಟದೆ ಬಿಟ್ಟದ್ದು ಜಾಣತನ.

ಮುರಿಯುವ ಆಯುಧದ ವಿಷಯದಲ್ಲಿ ನಾನು ಬೈಯುವವರ ಕಡೆಗೇ ಸೇರುತ್ತೇನೆ. ನಮ್ಮ ಮನೆಯ ಕತ್ತಿ ಅಜ್ಜನ ಕಾಲದ್ದು, ಹಿಡಿ ಮೂರು ಸಲ ಬದಲಾಗಿದೆ, ಅಲಗು ಮಸೆದು ಮಸೆದು ಅರ್ಧವಾಗಿದೆ, ಆದರೂ ಕೆಲಸಕ್ಕಿದೆ. ಜೆಲ್ಡಾದಲ್ಲಿ ಒಳ್ಳೆಯ ಕತ್ತಿಯೊಂದು ಎರಡು ಜಗಳದಲ್ಲಿ ಗಾಜಿನಂತೆ ಒಡೆದುಹೋಗುತ್ತದೆ. ಬೇರೆ ಬೇರೆ ಆಯುಧ ಬಳಸಲಿ ಎಂಬ ಉದ್ದೇಶ ಅರ್ಥವಾಗುತ್ತದೆ, ಆದರೆ ಫಲಿತಾಂಶ ತದ್ವಿರುದ್ಧ. ಹುಡುಗ ಒಳ್ಳೆಯ ಕತ್ತಿಗಳನ್ನೆಲ್ಲ ಚೀಲದಲ್ಲೇ ಇಟ್ಟು, ಮದುವೆಗೆಂದು ಎತ್ತಿಟ್ಟ ಸೀರೆಯಂತೆ ಕಾಯುತ್ತಿದ್ದಾನೆ. 2023ರಲ್ಲಿ ಬಂದ ಇದರ ಮುಂದಿನ ಭಾಗ ‘ಟಿಯರ್ಸ್ ಆಫ್ ದ ಕಿಂಗ್ಡಮ್’ನಲ್ಲಿ ಕೋಲಿಗೆ ಕಲ್ಲನ್ನೋ ಕೊಂಬನ್ನೋ ಅಂಟಿಸಿ ಹೊಸ ಆಯುಧ ಮಾಡುವ ದಾರಿ ಕೊಟ್ಟು ಈ ಬೇನೆಯನ್ನು ತಕ್ಕಮಟ್ಟಿಗೆ ಇಳಿಸಿದರು. ಅದರಲ್ಲಿ ಒದ್ದೆ ಬಂಡೆಯಲ್ಲಿ ಜಾರುವುದನ್ನು ತಗ್ಗಿಸುವ ಕಪ್ಪೆ ಉಡುಪೂ ಇದೆ. ಆದರೆ ಆಟದೊಳಗಿನ ಪತ್ರಿಕೆಯೊಂದಕ್ಕಾಗಿ ಊರೂರು ಅಲೆದು ಸುದ್ದಿ ಬೆನ್ನಟ್ಟಿದ ಮೇಲಷ್ಟೇ ಅದು ಪೂರ್ತಿ ಕೈಸೇರುತ್ತದೆ. ಮಳೆಯ ಕಷ್ಟವನ್ನು ಪೂರಾ ಉಂಡವನಿಗೆ ಅಷ್ಟು ಸಂಬಳ ನ್ಯಾಯವೇ.

ಶಿರಸಿಯ ಸುತ್ತಲಿನ ಹಳ್ಳಿಗಳಲ್ಲಿ ಕೂತು ಆಡುವವರು ಯಾವ ವಿಮರ್ಶೆಯಲ್ಲೂ ಕಾಣದ ಇನ್ನೊಂದು ಗುಣವನ್ನು ತೂಗಿ ನೋಡಬೇಕಾಗುತ್ತದೆ. ಅದು ಕರೆಂಟು ಹೋದಾಗ ಆಟ ಎಷ್ಟನ್ನು ಉಳಿಸಿಕೊಂಡಿರುತ್ತದೆ ಎಂಬುದು. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಎರಡು ದಿನ ಕತ್ತಲೆ ಸಾಮಾನ್ಯ. ಪ್ಲೇಸ್ಟೇಷನ್ ಹಠಾತ್ತನೆ ಆರಿಹೋದರೆ, ಆಟ ತಾನಾಗಿ ಕೊನೆಯ ಸಲ ಎಲ್ಲಿ ದಾಖಲಿಸಿಕೊಂಡಿತ್ತೋ ಅಲ್ಲಿಗೇ ಮರಳಬೇಕು. ನಡುನಡುವೆ ಸದ್ದಿಲ್ಲದೆ ಬರೆದಿಡುವ ಆಟಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ತಾವೇ ನೆನಪಿಟ್ಟು ಬರೆದಿಡಬೇಕಾದವುಗಳನ್ನು ಬೇಸಗೆಯಲ್ಲಿ ಆಡುವುದೆಂದು ನಾನು ವಿಂಗಡಿಸಿಕೊಂಡಿದ್ದೇನೆ. ಸ್ವಿಚ್‌ಗೆ ತನ್ನದೇ ಬ್ಯಾಟರಿ ಇರುವುದರಿಂದ ಅದು ಎಲ್ಲ ಕಾಲಕ್ಕೂ ಸಲ್ಲುತ್ತದೆ.

ಆ ದಿನವೂ ಮೂರು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಹುಡುಗ ಬಂಡೆ ಹತ್ತುವುದನ್ನು ಬಿಟ್ಟು, ಚಾಚಿದ ಕಲ್ಲಿನ ಅಡಿ ಬೆಂಕಿ ಹಾಕಿ ಕೂತಿದ್ದ. ಕತ್ತಲು ಜಗಲಿಯಲ್ಲಿ ಅವನ ಮುಖದ ಮೇಲಷ್ಟೇ ಬೆಳಕಿತ್ತು. ಸ್ವಲ್ಪ ಹೊತ್ತಿಗೆ ಅಂಗಳದಾಚೆಯಿಂದ, “ಹೆಗಡೇರೇ, ಹೊಳವಾಯ್ತು, ಹತ್ತುತೇವೆ” ಎಂಬ ಕೂಗು ಕೇಳಿತು. ಹುಡುಗ ತಲೆಯೆತ್ತದೆ, “ಇಲ್ಲಿ ಇನ್ನೂ ಎರಡು ತಾಸು ಇದ್ದು” ಎಂದ.