ಬಯಾಪ್ಸಿ ರಿಪೋರ್ಟ್ ಯಾರಿಗೆ ಹೇಳಬೇಕು?

ಚರ್ಚೆಯ ಪ್ರಶ್ನೆ: ಕ್ಯಾನ್ಸರ್‌ನಂತಹ ಕಾಯಿಲೆ ಪತ್ತೆಯಾದಾಗ ವೈದ್ಯರು ಅದನ್ನು ಮನೆಯವರಿಗಿಂತ ಮೊದಲು ರೋಗಿಗೇ ತಿಳಿಸಬೇಕೇ?

ಪರ

"ಪೇಷಂಟ್ ಕಡೆಯವರು ಯಾರಿದ್ದೀರಿ?" ವಾರ್ಡಿನ ಬಾಗಿಲಲ್ಲಿ ನರ್ಸ್ ಹೀಗೆ ಕೂಗಿದರೆ ಮಗನೋ ಅಳಿಯನೋ ಎದ್ದು ಡಾಕ್ಟರ ಕೋಣೆಗೆ ಹೋಗುತ್ತಾನೆ. ಹೊರಬರುವಷ್ಟರಲ್ಲಿ "ಏನಿಲ್ಲಮ್ಮ, ಸಣ್ಣ ಗಡ್ಡೆಯಂತೆ" ಎಂಬ ಮಾತು ಸಿದ್ಧವಾಗಿರುತ್ತದೆ. ಮಂಚದ ಮೇಲಿರುವವರು ಸಂಸಾರ ತೂಗಿಸಿದವರು, ಜಮೀನಿನ ವ್ಯಾಜ್ಯಕ್ಕೆ ಕೋರ್ಟು ಅಲೆದವರು, ಗಂಡನನ್ನು ಮಣ್ಣು ಮಾಡಿ ಬಂದವರು. ಇಷ್ಟನ್ನೆಲ್ಲ ತಡೆದುಕೊಂಡವರಿಗೆ ತಮ್ಮದೇ ಹೊಟ್ಟೆಯ ಸುದ್ದಿ ತಡೆಯಲಾಗದು ಎಂದು ತೀರ್ಮಾನಿಸಿದವರು ಯಾರು?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ದೆಹಲಿಯ ಪ್ರಕರಣವೊಂದರಲ್ಲಿ, ಪರೀಕ್ಷೆಗೆಂದು ಅರಿವಳಿಕೆ ಕೊಡಲಾಗಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ್ದರು. ಪ್ರಜ್ಞೆ ಮರಳಿದ ಮೇಲೆ ಕೇಳಬಹುದಾಗಿದ್ದ ವಯಸ್ಕಳ ಪರವಾಗಿ ತಾಯಿ ಒಪ್ಪಿಗೆ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ 17 ಹಕ್ಕುಗಳಲ್ಲಿ ಮೊದಲನೆಯದೇ ಮಾಹಿತಿಯ ಹಕ್ಕು.

ಇನ್ನು ಮುಚ್ಚಿಡುವುದಾದರೂ ಸಾಧ್ಯವೇ? ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಗೇಟು ದಾಟಿಸಿ, ಕೀಮೋ ಕೊಡಿಸಿ, ಕೂದಲು ಉದುರಿದ ಮೇಲೂ "ಅಲ್ಸರ್" ಎನ್ನುವ ಮನೆಗಳಿವೆ. ರೋಗಿಗೆ ಗೊತ್ತಿರುತ್ತದೆ, ಮಕ್ಕಳು ನೊಂದಾರೆಂದು ಅವರೂ ಗೊತ್ತಿಲ್ಲದವರಂತೆ ಇರುತ್ತಾರೆ. ಹೀಗೆ ಆಡಬೇಕಾದ ಮಾತುಗಳೆಲ್ಲ ಆಡದೆ ಉಳಿಯುತ್ತವೆ. ಇನ್ನೊಂದು ಸುತ್ತು ಕೀಮೋ ಬೇಕೇ, ಊರಿಗೆ ಹೋಗಿ ಇರಬೇಕೇ ಎಂಬುದನ್ನೂ ಬೇರೆಯವರೇ ನಿರ್ಧರಿಸುತ್ತಾರೆ. ವಾಸಿಯಾಗದ ಸ್ಥಿತಿಯಲ್ಲಿ ಯಂತ್ರಗಳ ಮೇಲೆ ಜೀವ ಹಿಡಿದಿಡುವುದು ಬೇಡ ಎಂದು ಮುಂಚಿತವಾಗಿ ಬರೆದಿಡಲು ಸುಪ್ರೀಂ ಕೋರ್ಟಿನ 2018ರ ತೀರ್ಪು ಅವಕಾಶ ಕೊಟ್ಟಿದೆ, ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶವನ್ನೂ ಹೊರಡಿಸಿದೆ. ತನಗಿರುವುದು ಅಲ್ಸರ್ ಎಂದು ನಂಬಿಸಲ್ಪಟ್ಟವರು ಅದನ್ನು ಬರೆಯುವ ಯೋಚನೆಯನ್ನಾದರೂ ಏಕೆ ಮಾಡುತ್ತಾರೆ?

"ನಮ್ಮ ಸಂಸ್ಕೃತಿಯೇ ಹೀಗೆ" ಎಂಬ ವಾದ ನನಗೆ ಒಪ್ಪಿಗೆಯಿಲ್ಲ. 1961ರ ಅಮೆರಿಕದ ಸಮೀಕ್ಷೆಯೊಂದರಲ್ಲಿ ಶೇ 90ರಷ್ಟು ವೈದ್ಯರು ಕ್ಯಾನ್ಸರ್ ವಿಷಯವನ್ನು ರೋಗಿಗೆ ಹೇಳದಿರುವುದೇ ಲೇಸು ಎಂದಿದ್ದರು. 1979ರ ಹೊತ್ತಿಗೆ ಅದೇ ಪ್ರಶ್ನೆಗೆ ಶೇ 97ರಷ್ಟು ವೈದ್ಯರು ಹೇಳುವುದೇ ಸರಿ ಎಂದರು.

ವಿರೋಧ

ಅಮೆರಿಕದ ಲೆಕ್ಕ ಸರಿಯೇ. ಆದರೆ ಆ ವರ್ಷಗಳಲ್ಲಿ ಅಲ್ಲಿ ಚಿಕಿತ್ಸೆಯೂ ಸುಧಾರಿಸಿತ್ತು. ಹೇಳುವುದರ ಜೊತೆಗೆ ಕೊಡುವುದಕ್ಕೂ ವೈದ್ಯರ ಕೈಯಲ್ಲಿ ಏನಾದರೂ ಇತ್ತು. ನಮ್ಮಲ್ಲಿ ಅನೇಕರು ಆಸ್ಪತ್ರೆ ಮುಟ್ಟುವುದೇ ಕಾಯಿಲೆ ಬಲಿತ ಮೇಲೆ. ಹೊರಗೆ ಸಾಲು ಬೆಳೆದಿರುವಾಗ, ಐದು ನಿಮಿಷದಲ್ಲಿ, ಪರಿಚಯವೇ ಇಲ್ಲದ ಕಿರಿಯ ವೈದ್ಯರು "ನಿಮಗೆ ಕ್ಯಾನ್ಸರ್ ಇದೆ" ಎಂದು ಹೇಳಿ ಮುಂದಿನ ಚೀಟಿ ಕರೆಯುವುದರಿಂದ ಯಾವ ಹಕ್ಕು ಉದ್ಧಾರವಾಗುತ್ತದೆ?

2008ರ ಅದೇ ತೀರ್ಪನ್ನು ಪೂರ್ತಿ ಓದಬೇಕು. ಅಮೆರಿಕದ ಮಾದರಿಯಲ್ಲಿ ಪ್ರತಿಯೊಂದನ್ನೂ ರೋಗಿಗೆ ಬಿಡಿಸಿ ಹೇಳಬೇಕೆಂಬ ಅಳತೆಗೋಲನ್ನು ನ್ಯಾಯಾಲಯ ಇಲ್ಲಿಗೆ ತರಲಿಲ್ಲ. ನಮ್ಮ ಬಡತನವನ್ನೂ ಆಸ್ಪತ್ರೆಗಳ ಸ್ಥಿತಿಯನ್ನೂ ನೋಡಿಯೇ ಬೇರೆ ಅಳತೆ ಇಟ್ಟುಕೊಂಡಿತು. 2002ರ ವೈದ್ಯಕೀಯ ನೀತಿಸಂಹಿತೆಯೂ ಕಾಯಿಲೆಯ ತೀವ್ರತೆಯನ್ನು ಹಿಗ್ಗಿಸಬಾರದು, ಕುಗ್ಗಿಸಬಾರದು ಎಂದು ಹೇಳಿ, ಅದನ್ನು ತಿಳಿದಿರಬೇಕಾದವರಲ್ಲಿ ರೋಗಿಯ ಜೊತೆ ಬಂಧುಗಳನ್ನೂ ಹೆಸರಿಸುತ್ತದೆ. ಅದು ಬರೀ ಔಪಚಾರಿಕತೆಯೂ ಅಲ್ಲ. ಒಡವೆ ಅಡವಿಡುವವರು, ಬಸ್ಸು ಹತ್ತಿಸಿ ಬೆಂಗಳೂರಿಗೆ ಕರೆತರುವವರು, ರಾತ್ರಿ ಮಂಚದ ಕೆಳಗೆ ಮಲಗುವವರು ಬಂಧುಗಳೇ. ಅವರನ್ನು ಹೊರಗಿಟ್ಟು ಹೇಳುವ ನಿಜವನ್ನು ಹೊರುವುದು ಯಾರು?

"ನನಗೇನೂ ಹೇಳಬೇಡಿ ಡಾಕ್ಟರೇ, ಮಗನ ಹತ್ತಿರ ಮಾತಾಡಿ" ಎನ್ನುವ ಹಿರಿಯರೂ ಬೇಕಾದಷ್ಟು ಇದ್ದಾರೆ. ತಿಳಿಯುವ ಹಕ್ಕಿನ ಹೆಸರಿನಲ್ಲಿ ಅವರ ಕಿವಿಗೆ ಬಲವಂತವಾಗಿ ಸುದ್ದಿ ತುರುಕಿದರೆ, ಅವರ ಪರವಾಗಿ ಬೇರೆಯವರು ನಿರ್ಧರಿಸಿದಂತೆಯೇ ಆಯಿತಲ್ಲ!

ರೋಗಿ ನೇರವಾಗಿ ಕೇಳಿದಾಗಲೂ ಸುಳ್ಳು ಹೇಳುವುದನ್ನು ನಾನು ಸಮರ್ಥಿಸಲಾರೆ. ಅಲ್ಲಿ ಪರವಾದಿಗಳ ಮಾತೇ ಸರಿ. ನನ್ನ ತಕರಾರು "ಮೊದಲು ರೋಗಿಗೇ" ಎಂಬ ಕಡ್ಡಾಯದ ಬಗ್ಗೆ. ಬಯಾಪ್ಸಿಗೆ ಕಳುಹಿಸುವ ದಿನವೇ, ಫಲಿತಾಂಶ ಯಾರಿಗೂ ಗೊತ್ತಿಲ್ಲದಿರುವಾಗ, ರೋಗಿಯೊಬ್ಬರನ್ನೇ ಕೂರಿಸಿಕೊಂಡು ಕೇಳಲಿ: ರಿಪೋರ್ಟ್ ಬಂದಾಗ ನಿಮಗೆ ಹೇಳಬೇಕೋ, ಮನೆಯವರಿಗೋ, ಇಬ್ಬರಿಗೂ ಒಟ್ಟಿಗೋ? ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಲಿ. ಮಗಳಿಗೆ ಹೇಳಿ, ಮಗನಿಗೆ ಬೇಡ ಎಂದರೆ ಅದನ್ನೂ ಬರೆದುಕೊಳ್ಳಲಿ.