ಕೋಳಿಗೆ ಮೋಕ್ಷ, ಹುಡುಗನಿಗೆ ಕಡತ

ನಮ್ಮ ತೋಟದ ಬೇಲಿ ದಾಟಿದರೆ ಸಿಗುವ ಮನೆಯ ಹುಡುಗ ಒಬ್ಬ ಅಪರಾಧಿ. ಈ ಸಂಗತಿ ನನಗೆ ಗೊತ್ತಿರಲಿಲ್ಲ. ಅವನ ಅಮ್ಮನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಗೊತ್ತಿರಲಿಲ್ಲ. ಕಾಪುವಿನಿಂದ ಬಹುದೂರದ ಯಾವುದೋ ನಗರದಲ್ಲಿ, ಗಾಜಿನ ಕಟ್ಟಡದಲ್ಲಿ ಕುಳಿತು ಕಂಡವರ ಪೂರ್ವಾಪರ ಜಾಲಾಡುವ ಸಂಸ್ಥೆಯೊಂದು ಪತ್ತೆ ಹಚ್ಚಿ, ಹೆಸರಿನ ಎದುರು ಕೆಂಪು ಬಣ್ಣ ಬಳಿದು ಕಳುಹಿಸಿದ ಮೇಲೆಯೇ ಊರಿಗೆ ತಿಳಿದದ್ದು.

ಅಪರಾಧ ಇಷ್ಟು. 2017ರ ಮಾರ್ಚ್ ತಿಂಗಳು. ಭೂತದ ನೇಮ ಮುಗಿದ ಮರುದಿನ ಹಾಡಿಯಲ್ಲಿ ಕೋಳಿ ಅಂಕ, ಅಂದರೆ ಹುಂಜಗಳ ಕಾಳಗ. ಹುಡುಗ ಹೋದ, ಒಂದು ಬೊಳ್ಳೆಯ ಮೇಲೆ ನೂರು ರೂಪಾಯಿ ಕಟ್ಟಿದ. ಘಟ್ಟದ ಮೇಲಿನ ಓದುಗರಿಗಾಗಿ: ಬೊಳ್ಳೆ ಎಂದರೆ ಬಿಳಿ ಹುಂಜ. ನಮ್ಮಲ್ಲಿ ಅಂಕದ ಹುಂಜಗಳಿಗೆ ಬಣ್ಣದಿಂದಲೇ ಹೆಸರು. ಯಾವ ದಿನ ಯಾವ ಬಣ್ಣಕ್ಕೆ ಜಯ ಎಂದು ಹೇಳಲು ಕುಕ್ಕುಟ ಪಂಚಾಂಗವೇ ಇದೆ. ಪೊಲೀಸರು ಯಾವ ದಿನ ಬರುತ್ತಾರೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಪ್ರತಿ ಶಾಸ್ತ್ರಕ್ಕೂ ಅದರದೇ ಮಿತಿ ಇರುತ್ತದೆ.

ಜೀಪು ಬಂತು. ಅನುಭವಸ್ಥರು ಗದ್ದೆಯ ಹುಣಿ ಹಾರಿ ಮಾಯವಾದರು. ನಮ್ಮ ಹುಡುಗನೂ ಓಡಿದವನೇ, ಆದರೆ ಒಂದು ಚಪ್ಪಲಿ ಹಿಂದೆ ಉಳಿಯಿತು. ಹೊಸ ಚಪ್ಪಲಿ. ಅದಕ್ಕಾಗಿ ತಿರುಗಿ ಬಂದ. ಸಂಜೆ ಒಂದು ಸುದ್ದಿ ಜಾಲತಾಣದಲ್ಲಿ ಚಿತ್ರ ಬಂತು: ಹಿಂದೆ ಸಾಲಾಗಿ ಏಳು ಮಂದಿ, ಆಚೆ ಈಚೆ ಪೊಲೀಸರು, ಮುಂದೆ ಕಾಲು ಕಟ್ಟಿ ಮಲಗಿಸಿದ ಐದು ಹುಂಜಗಳು. ಬೊಳ್ಳೆಯ ಕುತ್ತಿಗೆಯಲ್ಲಿ ಸ್ವಲ್ಪ ರಕ್ತ. ಹುಡುಗನ ಕೈಯಲ್ಲಿ ಚಪ್ಪಲಿ.

ಪ್ರಕರಣ ದಾಖಲಾಯಿತು. ಜೂಜಿಗೆ ಕರ್ನಾಟಕ ಪೊಲೀಸ್ ಕಾಯ್ದೆ, ಕೋಳಿಯ ಪರವಾಗಿ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ಈ ಎರಡನೆಯದರ 11ನೇ ಕಲಂ ಓದಿದವರಿಗೆ ಕಣ್ಣು ತುಂಬಿ ಬರುತ್ತದೆ. ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಗಿಂತ ಕಡಿಮೆ ಇರಬಾರದು, 50 ರೂಪಾಯಿ ಮೀರಬಾರದು. ಐವತ್ತು ರೂಪಾಯಿಗೆ ಉಡುಪಿಯಲ್ಲಿ ಈಗ ಒಂದು ಮಸಾಲೆ ದೋಸೆ ಸಿಗುವುದೇ ಕಷ್ಟ.

ಏಳು ಮಂದಿಯಲ್ಲಿ ಇಬ್ಬರು ಒಬ್ಬ ವಕೀಲರ ಬಳಿ, ಉಳಿದ ಐವರು ಇನ್ನೊಬ್ಬರ ಬಳಿ ಹೋದರು. ನಮ್ಮ ಹುಡುಗನ ವಕೀಲರು ಒಳ್ಳೆಯವರು. “ತಪ್ಪೊಪ್ಪಿಕೊಂಡರೆ ಹತ್ತು ನಿಮಿಷದ ಕೆಲಸ, ದಂಡ ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗಬಹುದು” ಎಂದರು. ಹುಡುಗ ಹಾಗೆಯೇ ಮಾಡಿದ. ಆ ಐವರಿಗೆ ತಪ್ಪೊಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಅವರು ಮೂರು ವರ್ಷ ವಾಯಿದೆ ತೆಗೆದುಕೊಂಡರು. ಕೊನೆಗೆ ಮಹಜರಿಗೆ ಸಹಿ ಹಾಕಿದ ಸಾಕ್ಷಿಗಳು ಕಟಕಟೆಗೆ ಬಂದು, ತಾವು ಆ ದಿನ ಆ ಹಾಡಿಯನ್ನು ಕಂಡೇ ಇಲ್ಲ, ಪೊಲೀಸರು ಹೇಳಿದಲ್ಲಿ ಸಹಿ ಹಾಕಿದ್ದು ಎಂದರು. ಐವರೂ ಖುಲಾಸೆ. ಹೀಗೆ ಅಂಕ ಏರ್ಪಡಿಸಿದವರು ನಿರ್ದೋಷಿಗಳಾದರು, ನೂರು ರೂಪಾಯಿ ಕಟ್ಟಿ ಸೋತವನು ಶಿಕ್ಷಿತ ಅಪರಾಧಿಯಾದ. ಸತ್ಯ ಹೇಳಿದರೆ ಬೇಗ ಮನೆಗೆ ಹೋಗಬಹುದು ಎಂದು ವಕೀಲರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹುಡುಗ ಅಂದಿನಿಂದ ಮನೆಯಲ್ಲಿಯೇ ಇದ್ದಾನೆ.

ಕೋಳಿಗಳ ಕತೆ ಹೇಳುವುದು ಮರೆತೆ. ವಶಪಡಿಸಿಕೊಂಡ ಹುಂಜಗಳನ್ನು ಇಟ್ಟುಕೊಂಡು ಸಾಕುವ ವ್ಯವಸ್ಥೆ ಯಾವ ಠಾಣೆಯಲ್ಲಿದೆ? ಅವು ಹರಾಜಾದವು. ಬೊಳ್ಳೆ ಹೋದ ಬೆಲೆ ಹುಡುಗ ಕಟ್ಟಿದ ದಂಡಕ್ಕಿಂತ ಹೆಚ್ಚು. ಆ ಭಾನುವಾರ ಯಾರದೋ ಮನೆಯಲ್ಲಿ ಅದು ಕೋಳಿ ರೊಟ್ಟಿಯಾಯಿತು. ಒಂದೇ ಪ್ರಕರಣದ ಒಂದು ಪಾಲಿನ ಮೇಲೆ ತೆಂಗಿನ ಹಾಲು ಬಿತ್ತು, ಇನ್ನೊಂದು ಪಾಲಿನ ಮೇಲೆ ಕ್ರಮಸಂಖ್ಯೆ ಬಿತ್ತು.

ಕಳೆದ ವರ್ಷ ಹುಡುಗನಿಗೆ ಬೈಕಂಪಾಡಿ ಕಡೆಯ ಒಂದು ಕಂಪನಿಯ ಉಗ್ರಾಣದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಸಂದರ್ಶನವಾಯಿತು, ಸಂಬಳ ಗೊತ್ತಾಯಿತು, ಅವನ ಅಮ್ಮ ದೇವಸ್ಥಾನಕ್ಕೆ ಹೂವಿನ ಪೂಜೆ ಹೇಳಿಕೊಂಡರು. ಕೊನೆಗೆ ಒಂದು ನಮೂನೆ ಕೊಟ್ಟರು. ಅದರ 14ನೇ ಪ್ರಶ್ನೆ: ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ, ನಿಮ್ಮ ಮೇಲೆ ಎಂದಾದರೂ ಮೊಕದ್ದಮೆ ನಡೆದಿದೆಯೇ, ಎಂದಾದರೂ ದಂಡ ವಿಧಿಸಲಾಗಿದೆಯೇ?

ಈ ‘ಎಂದಾದರೂ’ ಎಂಬ ಪದವನ್ನು ಸ್ವಲ್ಪ ಗಮನಿಸಬೇಕು. ಪಾಸ್‌ಪೋರ್ಟ್ ಕಾಯ್ದೆಯಂಥ ಬಿಗಿಯಾದ ಕಾಯ್ದೆ ಕೂಡ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾದವರ ಅರ್ಜಿ ಬಂದರೆ ಹಿಂದಿನ ಐದು ವರ್ಷ ಮಾತ್ರ ನೋಡುತ್ತದೆ. ಜೈಲಿಗೆ ಹೋಗಿ ಬಂದ ರಾಜಕಾರಣಿ ಬಿಡುಗಡೆಯಾಗಿ ಆರು ವರ್ಷ ಕಳೆದ ಮೇಲೆ ಮತ್ತೆ ಚುನಾವಣೆಗೆ ನಿಲ್ಲಬಹುದು. ಮೊಕದ್ದಮೆಗಳು ಇನ್ನೂ ನಡೆಯುತ್ತಿದ್ದರಂತೂ ತೊಂದರೆಯೇ ಇಲ್ಲ, ಪ್ರಮಾಣಪತ್ರದಲ್ಲಿ ಬರೆದುಕೊಟ್ಟರಾಯಿತು. ಪಟ್ಟಿ ಉದ್ದವಿದ್ದಷ್ಟೂ ಜನ ‘ಹೋರಾಟಗಾರ’ ಎನ್ನುತ್ತಾರೆ. ಉಗ್ರಾಣದಲ್ಲಿ ಮೂಟೆ ಎಣಿಸುವವನಿಗೆ ಮಾತ್ರ ಕಾಲಮಿತಿ ಇಲ್ಲ. ಅವನು ಹುಟ್ಟಿದಂದಿನಿಂದ ಲೆಕ್ಕ ಕೊಡಬೇಕು.

ಹುಡುಗ ನನ್ನ ಬಳಿ ಬಂದ. “ಮಾಷ್ಟ್ರೇ, ಹೌದು ಎಂದು ಬರೆಯಲೋ, ಇಲ್ಲ ಎಂದು ಬರೆಯಲೋ?”

“ದಂಡ ಕಟ್ಟಿದ್ದೀಯಲ್ಲ, ಮುಗಿಯಿತಲ್ಲ ಮಾರಾಯ” ಎಂದೆ. ನಿವೃತ್ತ ಅಧ್ಯಾಪಕನ ಸಲಹೆಗೆ ಬೆಲೆ ಇರುವುದು ಕೇಳಿದವನು ಅದರಂತೆ ನಡೆಯದಿದ್ದಾಗ ಮಾತ್ರ. ಅವನು ‘ಇಲ್ಲ’ ಎಂದು ಬರೆದ.

ಗಾಜಿನ ಕಟ್ಟಡದವರು ನ್ಯಾಯಾಲಯದ ಜಾಲತಾಣದಲ್ಲಿ ಹೆಸರು ಹೊಡೆದು ಹುಡುಕಿದರು. ನಮ್ಮ ಜಿಲ್ಲೆಯಲ್ಲಿ ಅದೇ ಹೆಸರಿನವರು, ತಂದೆಯ ಹೆಸರೂ ಅದೇ ಇರುವವರು ಎಷ್ಟಿಲ್ಲ! ಮೊದಲ ವರದಿಯಲ್ಲಿ ಅವನ ಮೇಲೆ ಒಂದು ಚೆಕ್ ಬೌನ್ಸ್ ಪ್ರಕರಣ ಮತ್ತು ಒಂದು ವಿವಾಹ ವಿಚ್ಛೇದನವೂ ಇತ್ತು. ಹುಡುಗನಿಗೆ ಇನ್ನೂ ಮದುವೆಯೇ ಆಗಿಲ್ಲ. ಅವೆರಡನ್ನು ಅವನು ಸುಳ್ಳೆಂದು ಸಾಧಿಸಿದ. ಕೋಳಿ ಉಳಿಯಿತು. ಕಂಪನಿಯ ಪತ್ರ ಬಹಳ ಸಭ್ಯವಾಗಿತ್ತು: ಕೋಳಿ ಅಂಕದ ಬಗ್ಗೆ ನಮಗೆ ಆಕ್ಷೇಪವಿಲ್ಲ, ಮಾಹಿತಿ ಮುಚ್ಚಿಟ್ಟದ್ದಕ್ಕಾಗಿ ಕೆಲಸವಿಲ್ಲ.

ಆಯಿತು, ಬುದ್ಧಿ ಬಂತು. ಮುಂದಿನ ಅರ್ಜಿ ಒಂದು ಅರೆ ಸರಕಾರಿ ಸಂಸ್ಥೆಗೆ. ಅಲ್ಲೂ ಅದೇ ಪ್ರಶ್ನೆ. ಈ ಬಾರಿ ‘ಹೌದು’ ಎಂದು ಬರೆದು, ಕೋಳಿಯ ಬಣ್ಣ ಸಮೇತ ವಿವರಿಸಿ, ದಂಡದ ರಸೀದಿ ಲಗತ್ತಿಸಿದ. ಅಲ್ಲಿಂದ ಬಂದ ಪತ್ರವೂ ಸಭ್ಯವಾಗಿತ್ತು: ನಿಮ್ಮ ಪ್ರಾಮಾಣಿಕತೆಯನ್ನು ಮೆಚ್ಚುತ್ತೇವೆ, ಶಿಕ್ಷೆಯಾದವರನ್ನು ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಕಾನೂನು ಏನೂ ಹೇಳಿಲ್ಲ ಎಂದಲ್ಲ. 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದೇ ಗೋಜಲನ್ನು ಬಿಡಿಸಲು ಕುಳಿತಿತ್ತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಅಭ್ಯರ್ಥಿ ಮುಚ್ಚಿಟ್ಟಿದ್ದರೂ ಉದ್ಯೋಗದಾತರು ಮನ್ನಿಸಬಹುದು ಎಂದಿತು. ಹಾಗೆಯೇ, ಅಭ್ಯರ್ಥಿ ಸತ್ಯವನ್ನೇ ಹೇಳಿದರೂ ಕೆಲಸ ಕೊಡಲೇಬೇಕೆಂದು ಉದ್ಯೋಗದಾತರನ್ನು ಒತ್ತಾಯಿಸಲಾಗದು ಎಂದೂ ಹೇಳಿತು. ಕಚೇರಿಗಳು ಈ ಎರಡನೆಯ ಮಾತನ್ನು ಕಂಠಪಾಠ ಮಾಡಿಕೊಂಡಿವೆ. ಮೊದಲನೆಯದು ಪುಟ ತಿರುಗಿಸುವಾಗ ಅಂಟಿಕೊಂಡಿರಬೇಕು.

ಅವನ ಅಮ್ಮನಿಗೆ ಯಾರೋ ಬಾಲನ್ಯಾಯ ಕಾಯ್ದೆಯ ಸುದ್ದಿ ಹೇಳಿದರು. ಅದು ನಿಜಕ್ಕೂ ಒಳ್ಳೆಯ ಕಾಯ್ದೆ. 2015ರ ಆ ಕಾಯ್ದೆಯ 24ನೇ ಕಲಂ ಪ್ರಕಾರ 18 ತುಂಬದ ಮಕ್ಕಳ ತಪ್ಪು ಅವರಿಗೆ ಮುಂದೆ ಅನರ್ಹತೆಯಾಗಿ ಅಂಟಬಾರದು, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಘೋರ ಅಪರಾಧಕ್ಕೆ ಬೇರೆ ಲೆಕ್ಕ. ಮುಗಿದ ಪ್ರಕರಣವನ್ನು ನಡತೆಯ ಪ್ರಮಾಣಪತ್ರಕ್ಕಾಗಿ ಪೊಲೀಸರು ಹೊರಗೆ ಹೇಳುವಂತೆಯೇ ಇಲ್ಲ. ಆದರೆ ಅಂಕದ ದಿನ ನಮ್ಮ ಹುಡುಗನಿಗೆ 18 ತುಂಬಿ ನಾಲ್ಕು ತಿಂಗಳಾಗಿತ್ತು. “ಇವನನ್ನು ಇನ್ನೊಂದು ಐದು ತಿಂಗಳು ತಡೆದು ಹೆರಬೇಕಿತ್ತು ಮಾಷ್ಟ್ರೇ” ಎಂದು ಆ ತಾಯಿ ಗಂಭೀರವಾಗಿಯೇ ಹೇಳಿದರು.

ಇನ್ನೊಂದು ದಾರಿಯೂ ಇತ್ತು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಲ್ಲಿ, ಮೊದಲ ಸಲ ಸಣ್ಣ ತಪ್ಪು ಮಾಡಿದವನಿಗೆ ನ್ಯಾಯಾಲಯ ಎಚ್ಚರಿಕೆ ಹೇಳಿ ಬಿಟ್ಟುಬಿಡಬಹುದು. ಹಾಗೆ ಬಿಟ್ಟರೆ ಶಿಕ್ಷೆಯಿಂದ ಬರುವ ಅನರ್ಹತೆ ಅವನಿಗೆ ತಟ್ಟದು ಎಂದು 12ನೇ ಕಲಂ ಹೇಳುತ್ತದೆ. ಅದನ್ನು ಕೇಳಿ ಪಡೆಯಬೇಕು. ಕೇಳಲು ಇನ್ನರ್ಧ ಗಂಟೆ ಬೇಕಿತ್ತು. ಮಧ್ಯಾಹ್ನದ ಬಸ್ಸು ತಪ್ಪುತ್ತಿತ್ತು.

ಅಮೆರಿಕದಲ್ಲಿ ದಾಖಲೆಗೆ ಮೊಹರು ಹಾಕುವ ಪದ್ಧತಿ ಇದೆ ಎಂದು ಓದಿದೆ. ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ ಕಾನೂನು ಮಾಡಿತು: ಸಣ್ಣಪುಟ್ಟ ಅಪರಾಧದ ಮೇಲೆ ನಿಗದಿತ ವರ್ಷ ಸುಮ್ಮನೆ ಬದುಕಿದರೆ ಕಂಪ್ಯೂಟರ್ ತಾನಾಗಿಯೇ ಆ ದಾಖಲೆಯನ್ನು ಸಾರ್ವಜನಿಕರ ಕಣ್ಣಿನಿಂದ ಮರೆ ಮಾಡುತ್ತದೆ. ಆಮೇಲೆ ಕೆಲಸ ಕೊಡುವವರು ಕೇಳಿದರೆ ಅದು ನಡೆದೇ ಇಲ್ಲ ಎಂಬಂತೆ ಉತ್ತರಿಸಬಹುದು. ಕಾನೂನೇ ಅನುಮತಿ ಕೊಟ್ಟ ‘ಇಲ್ಲ’ ಅದು. ಅಲ್ಲೂ ಗೋಳು ಇಲ್ಲದಿಲ್ಲ. ಮೊಹರು ಬೀಳುವ ಮೊದಲೇ ದಾಖಲೆಯನ್ನು ಸಗಟಾಗಿ ಕೊಂಡು ಇಟ್ಟ ಮಾಹಿತಿ ವ್ಯಾಪಾರಿಗಳು ಹಳಸಿದ ಸರಕನ್ನೇ ಮಾರುತ್ತಾರೆ. ಬಾಗಿಲಿಗೆ ಬೀಗ ಬಿದ್ದರೂ ಹಿತ್ತಲಿನಲ್ಲಿ ನೆರಳಚ್ಚು ಪ್ರತಿ ಒಣಗುತ್ತಿರುತ್ತದೆ.

ಆದರೆ ಅಲ್ಲಿನವರ ದುಃಖ ಮೊಹರು ಸೋರುತ್ತದೆ ಎಂಬುದು. ನಮ್ಮಲ್ಲಿ 18 ದಾಟಿದವರಿಗೆ ಮೊಹರೇ ಇಲ್ಲ. ಮುಚ್ಚಿದ ಲಕೋಟೆ ಎಂಬ ವಸ್ತು ನಮ್ಮಲ್ಲಿಯೂ ಬಳಕೆಯಲ್ಲಿದೆ, ಅದು ಸರಕಾರದ್ದು. ನ್ಯಾಯಾಲಯಕ್ಕೆ ಹೇಳಲು ಮುಜುಗರವಾಗುವ ಸಂಗತಿಯನ್ನು ಸರಕಾರ ಅದರಲ್ಲಿ ಹಾಕಿ ಕೊಡುತ್ತದೆ. ಅರಗಿನ ದಾಸ್ತಾನು ಅಲ್ಲಿಗೇ ಮುಗಿಯುತ್ತದೆಯೋ ಏನೋ.

ನಮ್ಮಲ್ಲಿ ಖುಲಾಸೆಯಾದವರ ಪಾಡೂ ದೊಡ್ಡದೇನಲ್ಲ. ಇಲ್ಲಿ ಖುಲಾಸೆಯಲ್ಲಿಯೂ ಮೇಲುಕೀಳು ಇದೆ: ‘ಗೌರವಯುತ ಖುಲಾಸೆ’ ಒಂದು, ‘ಸಂಶಯದ ಲಾಭ’ದ ಖುಲಾಸೆ ಇನ್ನೊಂದು. ಎರಡನೆಯದು ಸಿಕ್ಕಿದವನು ಜೈಲಿನಿಂದ ಹೊರಗೆ, ಸರಕಾರಿ ಕೆಲಸದಿಂದಲೂ ಬಹುಮಟ್ಟಿಗೆ ಹೊರಗೆ. ಭಾರತ ಮೂಲದ ಅಮೆರಿಕದ ಪ್ರಜೆಯೊಬ್ಬರು ಇಲ್ಲಿಗೆ ಬಂದಿದ್ದಾಗ ಮಾದಕ ವಸ್ತು ಪ್ರಕರಣದಲ್ಲಿ ಸಿಕ್ಕಿಕೊಂಡು, 2011ರಲ್ಲಿ ಖುಲಾಸೆಯಾದರು. 2013ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೀರ್ಪು ಅಂತರಜಾಲಕ್ಕೆ ಬಂತು. ಅಲ್ಲಿಗೆ ಹಿಂದಿರುಗಿ ಕಾನೂನು ಓದಿ ಕೆಲಸ ಹುಡುಕಿದರೆ, ಕೆಲಸ ಕೊಡುವವರೆಲ್ಲ ಹೆಸರು ಹೊಡೆದು ಆ ತೀರ್ಪನ್ನೇ ಓದುತ್ತಿದ್ದರು. ನಿರ್ದೋಷಿ ಎಂದು ಹೇಳಿದ ಕಾಗದವೇ ಅವರಿಗೆ ಅಡ್ಡಗಾಲು! ಕೊನೆಗೆ 2021ರಲ್ಲಿ ಅದೇ ಹೈಕೋರ್ಟ್, ತನ್ನದೇ ತೀರ್ಪನ್ನು ಹುಡುಕಾಟದಲ್ಲಿ ಸಿಗದಂತೆ ಮಾಡಿ ಎಂದು ಮಧ್ಯಂತರ ಆದೇಶ ಕೊಡಬೇಕಾಯಿತು.

ಈ ಆದೇಶದ ಸುದ್ದಿ ಓದಿ ನನಗೆ ಹುರುಪು ಬಂತು. ಹೈಕೋರ್ಟಿಗೆ ಹೋಗುವಷ್ಟು ದುಡ್ಡು ನಮ್ಮ ಹುಡುಗನ ಬಳಿ ಇಲ್ಲ, ಐವತ್ತು ರೂಪಾಯಿಯ ದಂಡಕ್ಕಾಗಿ ಬೆಂಗಳೂರಿಗೆ ಹೋಗುವ ಬಸ್ಸಿನ ದರವೇ ಹೆಚ್ಚು. ಕನಿಷ್ಠ ಆ ಸುದ್ದಿ ಜಾಲತಾಣದವರನ್ನಾದರೂ ಕೇಳೋಣ ಎಂದೆ. ಅವನ ಹೆಸರು ಹುಡುಕಿದರೆ ಇಂದಿಗೂ ಮೊದಲು ಬರುವುದು ಆ ಚಿತ್ರ. ನಾನೇ ಅರ್ಜಿ ಬರೆದೆ. ಪ್ರಕರಣ ಮುಗಿದಿದೆ, ದಂಡ ಪಾವತಿಯಾಗಿದೆ, ಹುಡುಗನ ಬದುಕಿನ ಪ್ರಶ್ನೆ, ದಯವಿಟ್ಟು ಚಿತ್ರ ತೆಗೆಯಿರಿ ಎಂದು ವ್ಯಾಕರಣ ಶುದ್ಧವಾಗಿ ಒಂದೂವರೆ ಪುಟ.

ಹತ್ತೇ ದಿನಕ್ಕೆ ಉತ್ತರ ಬಂತು. ನಿಮ್ಮ ಕಳಕಳಿಯನ್ನು ಗಂಭೀರವಾಗಿ ಪರಿಗಣಿಸಿದ್ದೇವೆ. ಸುದ್ದಿ ಸಾರ್ವಜನಿಕ ದಾಖಲೆಯಾದ್ದರಿಂದ ತೆಗೆಯಲು ಬರುವುದಿಲ್ಲ. ಆದರೆ ಚಿತ್ರದಲ್ಲಿ ಓದುಗರ ಮನಸ್ಸನ್ನು ಕಲಕುವ ಅಂಶ ಇರುವುದು ನಮ್ಮ ಗಮನಕ್ಕೆ ಬಂದಿದ್ದು, ಸೂಕ್ತವಾಗಿ ತಿದ್ದಿದ್ದೇವೆ.

ಹುಡುಗ ಮೊಬೈಲ್ ತೆರೆದು ತೋರಿಸಿದ. ಹಿಂದಿನ ಸಾಲಿನಲ್ಲಿ ಏಳು ಮುಖಗಳೂ ಸ್ಪಷ್ಟವಾಗಿ ಇದ್ದವು, ಕೈಯಲ್ಲಿ ಹಿಡಿದ ಚಪ್ಪಲಿಯ ಬ್ರ್ಯಾಂಡ್ ಕೂಡ ಓದಬಹುದಿತ್ತು. ಮುಂದಿದ್ದ ಬೊಳ್ಳೆಯನ್ನು ಮಾತ್ರ ಕೊಕ್ಕಿನಿಂದ ಬಾಲದವರೆಗೆ, ಯಾರಿಗೂ ಗುರುತು ಸಿಗದಂತೆ, ಮಬ್ಬು ಮಾಡಿದ್ದರು.